ಲಕ್ಷ ಕೋಟಿಯ ಸುದ್ದಿ, ಬಾರದ ಬಿಡಿಭಾಗ

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಭೌತವಿಜ್ಞಾನದ ಪಿಎಚ್‌.ಡಿ ಮಾಡುತ್ತಿದ್ದಾಳೆ. ಒಂದು ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯುತ್ತಿದ್ದೇನೆ ಎನ್ನುತ್ತಾಳೆ. ಪತ್ರಿಕೆ ತೆರೆದರೆ ಕ್ವಾಂಟಂಗೆ ಆರು ಸಾವಿರ ಕೋಟಿ, ಸಂಶೋಧನೆಗೆ ಐವತ್ತು ಸಾವಿರ ಕೋಟಿ, ಆಮೇಲೆ ಒಂದು ಲಕ್ಷ ಕೋಟಿ! ಈ ಹಣವೆಲ್ಲ ಎಲ್ಲಿಗೆ ಹೋಗುತ್ತದೆ, ಸರ್?
– ನಿವೃತ್ತ ಬ್ಯಾಂಕ್ ನೌಕರರು, ಮಲ್ಲೇಶ್ವರ

ಉತ್ತರ: ಈ ಮೂರು ಮೊತ್ತಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಮೂರೂ ಬೇರೆ ಬೇರೆ ಬಗೆಯ ಹಣ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಿಮ್ಮ ಮಗಳ ಪ್ರಯೋಗಾಲಯದ ಕಡೆ ತಿರುಗಿ ನೋಡುವಂಥದ್ದೇ ಅಲ್ಲ.

2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿ ರೂಪಾಯಿಯ ಯೋಜನೆ ಮುಖ್ಯವಾಗಿ ಖಾಸಗಿ ಕಂಪನಿಗಳಿಗಾಗಿ ಇರುವುದು. ಕಡಿಮೆ ಬಡ್ಡಿಯ ಅಥವಾ ಬಡ್ಡಿಯೇ ಇಲ್ಲದ ದೀರ್ಘಾವಧಿ ಸಾಲ ಅದರ ತಿರುಳು. ಬ್ಯಾಂಕಿನಲ್ಲಿ ದುಡಿದ ನಿಮಗೆ ನಾನು ಹೇಳಬೇಕಿಲ್ಲ, ಸಾಲ ಎಂದ ಮೇಲೆ ತೀರಿಸಬೇಕು. ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣದ ಹಿಂದೆ ಬಿದ್ದವರು ಯಾವ ಆದಾಯದಿಂದ ಕಂತು ಕಟ್ಟಿಯಾರು? ಯೋಜನೆ ತಪ್ಪು ಎನ್ನುತ್ತಿಲ್ಲ. ನಮ್ಮ ದೇಶ ಸಂಶೋಧನೆಗೆ ಮಾಡುವ ವೆಚ್ಚ ಜಿಡಿಪಿಯ ಶೇ 0.64ರ ಆಸುಪಾಸಿನಲ್ಲಿದೆ. ಅದರಲ್ಲಿ ಖಾಸಗಿಯವರ ಪಾಲು ಮೂರನೆಯ ಒಂದು ಭಾಗಕ್ಕಿಂತ ಅಷ್ಟೇನೂ ಹೆಚ್ಚಿಲ್ಲ. ಕಂಪನಿಗಳನ್ನು ಈ ಕೆಲಸಕ್ಕೆ ಎಳೆಯಲೇಬೇಕು. ಆದರೆ ಅದನ್ನು ಮೂಲವಿಜ್ಞಾನದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಐವತ್ತು ಸಾವಿರ ಕೋಟಿ 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಷನ್ನಿನದು. ಐದು ವರ್ಷಗಳ ಆ ಮೊತ್ತದಲ್ಲಿ ಸರ್ಕಾರ ಕೊಡುವುದು 14,000 ಕೋಟಿ. ಉಳಿದ 36,000 ಕೋಟಿ ಉದ್ಯಮಗಳಿಂದ, ದಾನಿಗಳಿಂದ, ಇತರ ಮೂಲಗಳಿಂದ ಬರಬೇಕು. ಅಂದರೆ ಹೆಚ್ಚಿನ ಭಾಗ ನಿರೀಕ್ಷೆ, ಮಂಜೂರಾತಿಯಲ್ಲ. ಇನ್ನು ರಾಷ್ಟ್ರೀಯ ಕ್ವಾಂಟಂ ಮಿಷನ್: 6,003.65 ಕೋಟಿ ರೂಪಾಯಿ, 2023-24ರಿಂದ 2030-31ರವರೆಗೆ. ಇದಕ್ಕೆ ನಾಲ್ಕು ಕೇಂದ್ರಗಳಿವೆ. ಕ್ವಾಂಟಂ ಕಂಪ್ಯೂಟಿಂಗ್‌ನ ಕೇಂದ್ರ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದೆ. ಮಿಕ್ಕ ಮೂರು ಮದ್ರಾಸ್, ಮುಂಬೈ ಮತ್ತು ದೆಹಲಿ ಐಐಟಿಗಳಲ್ಲಿವೆ. ಪ್ರಯೋಗಾಲಯಕ್ಕೆ ನೇರವಾಗಿ ತಲುಪುವ ಹಣವೆಂದರೆ ಇದು. ಎಂಟು ವರ್ಷಕ್ಕೆ ಹಂಚಿ ನೋಡಿದರೆ ಗಾತ್ರ ಗೊತ್ತಾಗುತ್ತದೆ.

ಬಿಡಿಭಾಗದ ಪ್ರಶ್ನೆ ಬೇರೆ. ಹಣ ಖಾತೆಗೆ ಬಂದ ಮೇಲೂ ಕಾಯುವುದು ತಪ್ಪುವುದಿಲ್ಲ, ಮತ್ತು ಅತಿಶೀತ ಭೌತವಿಜ್ಞಾನದವನಾದ ನನ್ನ ನಿತ್ಯದ ಗೋಳು ಇದೇ. ಕ್ವಾಂಟಂ ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಹಿಡಿದಿಡುವ ಘಟಕಕ್ಕೆ ಕ್ಯೂಬಿಟ್ ಎನ್ನುತ್ತಾರೆ; ತೀವ್ರ ಚಳಿಯಲ್ಲಿ ತಡೆಯಿಲ್ಲದೆ ವಿದ್ಯುತ್ ಹರಿಸುವ ವಸ್ತುವೇ ಸೂಪರ್‌ಕಂಡಕ್ಟರ್. ಸೂಪರ್‌ಕಂಡಕ್ಟರ್ ಕ್ಯೂಬಿಟ್‌ಗಳು ಕೆಲಸ ಮಾಡಲು ನಿರಪೇಕ್ಷ ಶೂನ್ಯಕ್ಕಿಂತ (ಅದಕ್ಕಿಂತ ಕೆಳಗೆ ತಾಪಮಾನವೇ ಇಲ್ಲ) ಒಂದು ಡಿಗ್ರಿಯ ನೂರನೆಯ ಒಂದು ಭಾಗದಷ್ಟೇ ಮೇಲಿರಬೇಕು. ಆ ಚಳಿಯನ್ನು ಕೊಡುವ ಡೈಲ್ಯೂಷನ್ ರೆಫ್ರಿಜರೇಟರ್ ಹೀಲಿಯಂನ, ತೂಕ ಬೇರೆಯಾದ, ಎರಡು ಐಸೊಟೋಪ್‌ಗಳ ಮಿಶ್ರಣದಿಂದ ನಡೆಯುತ್ತದೆ. ಜಗತ್ತಿನಲ್ಲಿ ಅದನ್ನು ತಯಾರಿಸುವವರು ಬೆರಳೆಣಿಕೆಯಷ್ಟು. ಇಂಥ ಯಂತ್ರದ ಒಂದು ಕವಾಟ ಕೆಟ್ಟರೂ ನಾವು ಮೊದಲು ಸರ್ಕಾರಿ ಖರೀದಿಯ ಜೆಮ್ ಜಾಲತಾಣದಲ್ಲಿ ಹುಡುಕಬೇಕಿತ್ತು. ಕುರ್ಚಿ, ಪ್ರಿಂಟರ್ ಕೊಳ್ಳಲು ಅದು ಒಳ್ಳೆಯ ವ್ಯವಸ್ಥೆಯೇ. ಅಲ್ಲಿ ಸಿಗದ ವಸ್ತುವನ್ನು ಹೊರದೇಶದಿಂದ ಟೆಂಡರ್ ಕರೆದು ತರಿಸಲು, ಮೊತ್ತ 200 ಕೋಟಿಗಿಂತ ಕಡಿಮೆಯಿದ್ದರೆ ದೆಹಲಿಯ ಅನುಮತಿ ಬೇಕಿತ್ತು. ಟೆಂಡರ್ ಎಂದ ಮೇಲೆ ಕಡಿಮೆ ದರ ಕೂಗಿದವನಿಗೇ ಆದ್ಯತೆ. ಅವನು ತಂದುಕೊಟ್ಟ ಕವಾಟ ಸೋರಿದರೆ ವಿದ್ಯಾರ್ಥಿಯ ಒಂದು ವರ್ಷ ಅದರೊಡನೆ ಸೋರಿಹೋಗುತ್ತದೆ. ಸಾಲದ್ದಕ್ಕೆ, ಸಾರ್ವಜನಿಕ ಸಂಶೋಧನಾ ಸಂಸ್ಥೆಗಳ ಉಪಕರಣಗಳ ಮೇಲೆ ಇದ್ದ ಶೇ 5ರ ರಿಯಾಯಿತಿ ಜಿಎಸ್‌ಟಿ ದರವನ್ನು 2022ರ ಜುಲೈನಲ್ಲಿ ತೆಗೆದುಹಾಕಿದರು. ತೆರಿಗೆ ಸಾಮಾನ್ಯವಾಗಿ ಶೇ 18ಕ್ಕೆ ಏರಿತು. ಒಂದು ಕಿಸೆಯಿಂದ ಕೊಟ್ಟು ಇನ್ನೊಂದು ಕಿಸೆಗೆ ಹಾಕಿಕೊಂಡ ಹಾಗೆ.

2025ರ ಜೂನ್‌ನಲ್ಲಿ ಹಣಕಾಸು ಸಚಿವಾಲಯ ಈ ಗಂಟನ್ನು ಸ್ವಲ್ಪ ಸಡಿಲಿಸಿತು. ಸಂಶೋಧನಾ ಸಂಸ್ಥೆಯ ನಿರ್ದೇಶಕರು ಅಥವಾ ಕುಲಪತಿಗಳು ವೈಜ್ಞಾನಿಕ ಉಪಕರಣಗಳನ್ನು ಜೆಮ್ ಹೊರಗೆ ಕೊಳ್ಳಬಹುದು, 200 ಕೋಟಿವರೆಗಿನ ಜಾಗತಿಕ ಟೆಂಡರ್‌ಗೆ ತಾವೇ ಒಪ್ಪಿಗೆ ಕೊಡಬಹುದು. ದರಪಟ್ಟಿ ತರಿಸದೆ ನೇರವಾಗಿ ಕೊಳ್ಳುವ ಮಿತಿ ಒಂದು ಲಕ್ಷದಿಂದ ಎರಡು ಲಕ್ಷಕ್ಕೆ, ಖರೀದಿ ಸಮಿತಿಯ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ ಏರಿತು. ಪತ್ರಿಕೆಗಳಲ್ಲಿ ಎರಡು ಸಾಲಿನ ಸುದ್ದಿಯಾದ ಈ ಆದೇಶ, ನನ್ನ ದೃಷ್ಟಿಯಲ್ಲಿ, ಲಕ್ಷ ಕೋಟಿಯ ಘೋಷಣೆಗಿಂತ ಹೆಚ್ಚು ಪ್ರಯೋಗಗಳನ್ನು ಉಳಿಸಬಲ್ಲದು. ನಿಮ್ಮ ಮಗಳ ಸಂಸ್ಥೆಯ ಖರೀದಿ ವಿಭಾಗ ಇದನ್ನು ಬಳಸುತ್ತಿದೆಯೇ ಎಂದು ಅವಳ ಮಾರ್ಗದರ್ಶಕರು ಕೇಳಲಿ. ಅಧಿಕಾರ ಕೈಗೆ ಬಂದರೂ ಲೆಕ್ಕಪರಿಶೋಧನೆಯ ಭಯಕ್ಕೆ ಹಳೆಯ ದಾರಿಯಲ್ಲೇ ಕಡತ ಕಳಿಸುವವರು ಇದ್ದಾರೆ.

ಪ್ರಶ್ನೆ: 2025ರ ಭೌತವಿಜ್ಞಾನ ನೊಬೆಲ್ ಕ್ವಾಂಟಂ ಕಂಪ್ಯೂಟರಿಗೆ ಬಂದಿದೆ ಎಂದು ಓದಿದೆ. ಆ ಯಂತ್ರ ಬಂದರೆ ನನ್ನ ಬ್ಯಾಂಕ್ ಖಾತೆಯ ಬೀಗ ಮುರಿಯುತ್ತದಂತೆ, ನಿಜವೇ?
– ಗೃಹಿಣಿ, ಬಸವನಗುಡಿ

ಉತ್ತರ: ಪ್ರಶಸ್ತಿ ಬಂದದ್ದು ಕಂಪ್ಯೂಟರಿಗಲ್ಲ, 1984-85ರಲ್ಲಿ ಬರ್ಕ್ಲಿಯಲ್ಲಿ ನಡೆದ ಪ್ರಯೋಗಗಳಿಗೆ. ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ ಮತ್ತು ಜಾನ್ ಮಾರ್ಟಿನಿಸ್ ಎರಡು ಸೂಪರ್‌ಕಂಡಕ್ಟರ್‌ಗಳ ನಡುವೆ ತೆಳುವಾದ ನಿರೋಧಕ ಪದರವಿಟ್ಟ ಸರ್ಕೀಟನ್ನು ಬಳಸಿದರು. ದಾಟಲಾಗದ ತಡೆಯನ್ನು ಒಂಟಿ ಕಣ ದಾಟುವುದು ಮೊದಲೇ ಗೊತ್ತಿತ್ತು. ಕೋಟ್ಯಂತರ ಎಲೆಕ್ಟ್ರಾನ್ ಜೋಡಿಗಳು ಒಂದಾಗಿ ವರ್ತಿಸುವ, ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಸರ್ಕೀಟು ಕೂಡ ಹಾಗೆ ದಾಟುತ್ತದೆ, ಶಕ್ತಿಯನ್ನು ನಿರ್ದಿಷ್ಟ ಕಂತುಗಳಲ್ಲಷ್ಟೇ ಹೀರುತ್ತದೆ ಎಂದು ಅವರು ತೋರಿಸಿದರು. ಇಂದಿನ ಹಲವು ಕ್ಯೂಬಿಟ್‌ಗಳು ಅದೇ ಸರ್ಕೀಟಿನ ಸಂತತಿ.

ಬೀಗದ ಮಾತಿಗೆ ಬಂದರೆ, ಆನ್‌ಲೈನ್ ವಹಿವಾಟಿನ ಗುಟ್ಟು ಕಾಯಲು ಇಂದು ಬಳಕೆಯಲ್ಲಿರುವ 2048 ಬಿಟ್‌ನ ಆರ್‌ಎಸ್‌ಎ ಸಂಕೇತವನ್ನು ಒಂದು ವಾರದೊಳಗೆ ಒಡೆಯಲು ಹತ್ತು ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್ ಸಾಕಾದೀತು ಎಂದು 2025ರಲ್ಲಿ ಗೂಗಲ್ ಸಂಶೋಧಕರೊಬ್ಬರು ಅಂದಾಜಿಸಿದರು. ಅದಕ್ಕೆ ಹಿಂದಿನ ಅಂದಾಜು ಎರಡು ಕೋಟಿ. ಗಮನಿಸಬೇಕಾದ್ದು ಈ ಇಳಿಕೆಯನ್ನು. ಆದರೂ ನಮ್ಮ ಕ್ವಾಂಟಂ ಮಿಷನ್ನಿನ ಗುರಿ ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್. ಈ ನಡುವೆ ಬೀಗವನ್ನೇ ಬದಲಿಸುವ ಕೆಲಸ ಶುರುವಾಗಿದೆ. ಕ್ವಾಂಟಂ ದಾಳಿಯನ್ನು ತಡೆಯಬಲ್ಲ ಹೊಸ ಸಂಕೇತ ವಿಧಾನಗಳ ಮಾನದಂಡಗಳನ್ನು ಅಮೆರಿಕ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಸದ್ಯಕ್ಕೆ ಫೋನಿನಲ್ಲಿ ಒಟಿಪಿ ಕೇಳುವವರ ಬಗ್ಗೆ ಹೆಚ್ಚು ಎಚ್ಚರವಿರಲಿ.

ಪ್ರಶ್ನೆ: ದ್ವಿತೀಯ ಪಿಯುಸಿಯಲ್ಲಿದ್ದೇನೆ. ಭೌತವಿಜ್ಞಾನ ಓದುವ ಆಸೆ. ಹೊಟ್ಟೆಪಾಡು ನಡೆಯುವುದಿಲ್ಲ, ಸಿಇಟಿ ಬರೆದು ಎಂಜಿನಿಯರಿಂಗ್ ಸೇರು ಎನ್ನುತ್ತಾರೆ ಮನೆಯಲ್ಲಿ.
– ವಿದ್ಯಾರ್ಥಿ, ವಿಜಯನಗರ

ಉತ್ತರ: ಸಿಇಟಿ ಬರೆಯಿರಿ, ಬರೆದರೆ ನಷ್ಟವಿಲ್ಲ. ಪಿಎಚ್‌.ಡಿ ಫೆಲೋಶಿಪ್ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಬದುಕಬಹುದು. ಅದು ಪ್ರತಿ ತಿಂಗಳೂ ಒಂದನೆಯ ತಾರೀಖಿಗೆ ಬರುತ್ತದೆಂಬ ಭರವಸೆ ಮಾತ್ರ ನಾನು ಕೊಡಲಾರೆ. ಖಾಯಂ ಹುದ್ದೆಗಳು ಕಡಿಮೆ ಎಂಬ ಮನೆಯವರ ಆತಂಕವೂ ಸುಳ್ಳಲ್ಲ. ಅವರೊಡನೆ ವಾದಿಸುವ ಮೊದಲು ನಿಮ್ಮ ಆಸೆ ಎಷ್ಟು ಗಟ್ಟಿ ಎಂದು ನೋಡಿಕೊಳ್ಳಿ. ನೆಹರೂ ತಾರಾಲಯದಲ್ಲಿ ನಡೆಯುವ ಭಾನುವಾರದ ಉಪನ್ಯಾಸಗಳಿಗೆ, ವಿಜ್ಞಾನ ಸಂಸ್ಥೆಯ ಮುಕ್ತ ದಿನಕ್ಕೆ ಹೋಗಿ. ಅಲ್ಲಿ ಸಿಗುವ ಸಂಶೋಧನಾ ವಿದ್ಯಾರ್ಥಿಗಳನ್ನು ನಿಲ್ಲಿಸಿ ಸಂಬಳದ ಸಮೇತ ಎಲ್ಲವನ್ನೂ ಕೇಳಿ. ಬಿ.ಎಸ್ಸಿ. ಸೇರಿದರೆ ಸಂಶೋಧನೆಗೆ ಅಣಿಗೊಳಿಸುವ, ಅದೇ ತಾರಾಲಯದ ‘ರೀಪ್’ ತರಗತಿಗಳಿಗೆ ಮೊದಲ ವರ್ಷವೇ ಅರ್ಜಿ ಹಾಕಿ.