ಹೈಡ್ರೋಪೋನಿಕ್ಸ್‌ನಲ್ಲಿ (ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರಲ್ಲಿ) ಬೋರ್‌ವೆಲ್ ನೀರು ಬಳಸಿ ಬೆಳೆದ ಲೆಟ್ಯೂಸ್‌ನ ಹೊಸ ಎಲೆ ಹಳದಿ ಆಗ್ತಿದೆ, ಗೊಬ್ಬರ ಜಾಸ್ತಿ ಮಾಡಬೇಕಾ?

ಸದ್ಯಕ್ಕೆ ಬೇಡ. ಸುಳಿಯ ಎಲೆಗಳು ಹಳದಿ, ನರ ಮಾತ್ರ ಹಸಿರು, ಇಸಿ (ನೀರಲ್ಲಿ ಕರಗಿದ ಉಪ್ಪು-ಗೊಬ್ಬರದ ಅಳತೆ) 1.6, ನೀರು ಬೋರ್‌ವೆಲ್‌ದು ಅಂತ ಬರೆದಿದ್ದೀರಿ. ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಎಷ್ಟು ಅಂತ ಬರೆದಿಲ್ಲ. ನನಗೆ ಅನುಮಾನ ಇರುವುದೇ ಅದರ ಮೇಲೆ.

ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು ಯಾವ ಎಲೆ ಅನ್ನುವುದನ್ನು. ಸಾರಜನಕ, ರಂಜಕ, ಪೊಟ್ಯಾಶ್, ಮೆಗ್ನೀಷಿಯಂ ಕಡಿಮೆಯಾದರೆ ಗಿಡ ಹಳೆ ಎಲೆಯಿಂದ ತೆಗೆದು ಹೊಸ ಎಲೆಗೆ ಕೊಡುತ್ತದೆ. ಮನೆಯಲ್ಲಿ ಅನ್ನ ಸಾಲದಿದ್ದರೆ ದೊಡ್ಡವರು ತಮ್ಮ ಪಾಲನ್ನು ಮಕ್ಕಳಿಗೆ ಬಡಿಸುವುದಿಲ್ವಾ, ಹಾಗೆ. ಅದಕ್ಕೇ ಮೊದಲು ಸೊರಗುವುದು ಬುಡದ ಎಲೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಹಾಗಲ್ಲ, ಒಮ್ಮೆ ಎಲೆ ಸೇರಿದರೆ ಅಲ್ಲಿಂದ ಹೆಚ್ಚು ಕದಲುವುದಿಲ್ಲ. ಇವುಗಳ ಕೊರತೆ ಸುಳಿಯಲ್ಲೇ ಕಾಣುತ್ತದೆ. ನರ ಹಸಿರಾಗಿ, ನಡುವೆ ಮಾತ್ರ ಹಳದಿ ಇದ್ದು, ಅದು ಬುಡದ ಎಲೆಯಲ್ಲಿದ್ದರೆ ಮೆಗ್ನೀಷಿಯಂ ಅನ್ನುತ್ತಿದ್ದೆ. ನಿಮ್ಮದು ಸುಳಿಯಲ್ಲಿದೆ, ಹಾಗಾಗಿ ಹೆಚ್ಚಾಗಿ ಕಬ್ಬಿಣ.

ಆದರೆ ಗೊಬ್ಬರದಲ್ಲಿ ಕಬ್ಬಿಣ ಇದ್ದೇ ಇರುತ್ತದಲ್ಲ? ಇರುತ್ತದೆ, ಗಿಡಕ್ಕೆ ಸಿಗುತ್ತಿಲ್ಲ ಅಷ್ಟೇ. ಬೆಂಗಳೂರಿನ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿರುವ ಬೈಕಾರ್ಬನೇಟ್ ಪಿಎಚ್ ಅನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಇವತ್ತು 6ಕ್ಕೆ ಇಳಿಸಿದರೂ ನಾಳೆ ಮತ್ತೆ ಏರಿರುತ್ತದೆ. ಪಿಎಚ್ ಏರಿದರೆ ಕಬ್ಬಿಣ ಕರಗಿದ ರೂಪದಲ್ಲಿ ಉಳಿಯುವುದಿಲ್ಲ, ಅದಕ್ಕೇ ಗೊಬ್ಬರದಲ್ಲಿ ಅದನ್ನು ಹಿಡಿದಿಡುವ ವಸ್ತು ಸೇರಿಸಿರುತ್ತಾರೆ. ಆ ವಸ್ತು ಇಡಿಟಿಎ ಆಗಿದ್ದರೆ ಪಿಎಚ್ ಸುಮಾರು 6.5 ದಾಟಿದಾಗ ಹಿಡಿತ ಕಳೆದುಕೊಳ್ಳುತ್ತದೆ. ಡಿಟಿಪಿಎ ಆಗಿದ್ದರೆ ಸುಮಾರು 7.5ರ ತನಕ ತಡೆಯುತ್ತದೆ. ಪ್ಯಾಕೆಟ್ ಮೇಲೆ ಯಾವುದಿದೆ ನೋಡಿ. ಬೋರ್‌ವೆಲ್ ನೀರಿನವರಿಗೆ ಡಿಟಿಪಿಎ ವಾಸಿ.

ಇನ್ನು ನಿಮ್ಮ 1.6. ಮೀಟರಿಗೆ ಗೊಬ್ಬರ ಯಾವುದು, ನೀರಿನ ಉಪ್ಪು ಯಾವುದು ಗೊತ್ತಾಗಲ್ಲ. ಬರೀ ನೀರೇ 0.8 ತೋರಿಸುತ್ತಿದ್ದರೆ ನೀವು ಹಾಕಿದ್ದು 0.8 ಮಾತ್ರ. ಲೆಟ್ಯೂಸ್‌ಗೆ ಸಾಮಾನ್ಯವಾಗಿ ಹೇಳುವ 1.2ರಿಂದ 1.8 ಅನ್ನುವ ಲೆಕ್ಕ ಒಳ್ಳೆ ನೀರಿಗೆ. ಹಾಗಂತ ಗಡಸು ನೀರಿಗೇ ಗೊಬ್ಬರ ಸುರಿಯುತ್ತಾ ಹೋದರೆ ಉಪ್ಪು ಏರುತ್ತದೆ, ಬೇರು ಸುಡುತ್ತದೆ. ಬದಲಿಗೆ ಅರ್ಧ ಕಾವೇರಿ ನೀರು ಬೆರೆಸಿ. ಮನೆಯಲ್ಲಿ ಹಿಡಿದಿಟ್ಟ ಮಳೆ ನೀರಿದ್ದರೆ ಇನ್ನೂ ಒಳ್ಳೆಯದು. ಟ್ಯಾಂಕರ್ ನೀರು ಬೆರೆಸಿ ಪ್ರಯೋಜನ ಇಲ್ಲ, ಅದೂ ಬಹುತೇಕ ಬೋರ್‌ವೆಲ್‌ದೇ.

ಈಗ ಮಾಡಬೇಕಾದ್ದು: ತೊಟ್ಟಿ ಖಾಲಿ ಮಾಡಿ ಬೆರೆಸಿದ ನೀರು ತುಂಬಿ. ಎ, ಬಿ ಅಂತ ಎರಡು ಭಾಗವಾಗಿ ಬರುವ ಗೊಬ್ಬರದಲ್ಲಿ ಮೊದಲು ಎ ಹಾಕಿ ಕಲಕಿ, ಆಮೇಲೆ ಬಿ. ಎರಡನ್ನೂ ನೀರು ಬೆರೆಸದೆ ಒಂದೇ ಮಗ್ಗಿನಲ್ಲಿ ಸೇರಿಸಬೇಡಿ. ಕ್ಯಾಲ್ಸಿಯಂ ಹೋಗಿ ಸಲ್ಫೇಟ್, ಫಾಸ್ಫೇಟ್ ಜೊತೆ ಸೇರಿ ತಳದಲ್ಲಿ ಕೂತುಬಿಡುತ್ತದೆ. ಕೊನೆಗೆ ಗ್ಲೌಸ್ ಹಾಕಿಕೊಂಡು ಫಾಸ್ಫಾರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಪಿಎಚ್ 5.8ರ ಆಸುಪಾಸಿಗೆ ತನ್ನಿ. ದಿನಾ ಬೆಳಿಗ್ಗೆ ಅಳೆಯಿರಿ. ಈಗಾಗಲೇ ಹಳದಿಯಾದ ಎಲೆ ಪೂರ್ತಿ ಹಸಿರಾಗದಿರಬಹುದು. ಹೊಸದಾಗಿ ಬರುವ ಎಲೆ ನೋಡಿ ತೀರ್ಮಾನಿಸಿ.

ಅಂದ ಹಾಗೆ, ಒಳಗಿನ ಎಳೆ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿ ಸುಟ್ಟಂತಾದರೆ ಅದು ಬೇರೆ ಕಥೆ. ಅದು ಕ್ಯಾಲ್ಸಿಯಂ ಕೊರತೆ, ಆದರೆ ತೊಟ್ಟಿಯಲ್ಲಿ ಕ್ಯಾಲ್ಸಿಯಂ ಇಲ್ಲ ಅಂತಲ್ಲ. ಮೋಡ ಕವಿದು ಗಾಳಿಯಾಡದ ದಿನಗಳಲ್ಲಿ ಎಲೆಯಿಂದ ನೀರು ಆರುವುದಿಲ್ಲ, ಕ್ಯಾಲ್ಸಿಯಂ ತುದಿ ತಲುಪುವುದಿಲ್ಲ. ಆಗ ಒಂದು ಸಣ್ಣ ಫ್ಯಾನ್ ಇಡಿ.

ಹಾಗೇ ಒಂದು ಗಿಡ ಎತ್ತಿ ಬೇರನ್ನೂ ನೋಡಿಬಿಡಿ. ಬಿಳಿ ಇದ್ದರೆ ಸರಿ. ಕಂದಾಗಿ ಲೋಳೆ ಹಿಡಿದು ವಾಸನೆ ಬರುತ್ತಿದ್ದರೆ ಕೊಳೆ ರೋಗ, ಆಗ ಮೇಲೆ ಹೇಳಿದ್ದಷ್ಟೇ ಸಾಲದು. ಏಪ್ರಿಲ್ ಬಿಸಿಲಿಗೆ ಟೆರೇಸ್ ಮೇಲಿನ ತೊಟ್ಟಿ ಕಾದರೆ ಇದು ಬೇಗ ಬರುತ್ತದೆ, ತೊಟ್ಟಿಗೆ ನೆರಳು ಮಾಡಿ.

ಪಿಎಚ್ ಎಷ್ಟು, ಬರೀ ನೀರಿನ ಇಸಿ ಎಷ್ಟು ಅಂತ ಅಳೆದು ಇಲ್ಲೇ ಬರೆಯಿರಿ, ಮುಂದಿನದು ನೋಡೋಣ.