ಕಂಪ್ಯೂಟರ್ ಕೇಳಿ-ಹೇಳಿ: ಬೋರ್ಡಿಗೆ ಎಷ್ಟು ದುಡ್ಡು ಹಾಕಬೇಕು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಗೇಮಿಂಗ್ ಪಿಸಿಯ ಮದರ್‌ಬೋರ್ಡ್, ಅಂದರೆ ಉಳಿದ ಭಾಗಗಳೆಲ್ಲ ಕೂರುವ ಮುಖ್ಯ ಬೋರ್ಡಿನ ಬಗ್ಗೆ. ಎಲ್ಲವೂ ನಮ್ಮ ಜಿಲ್ಲೆಯವೇ. ಹಾಗಾಗಿ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿಯವನು, ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ರೈಜನ್ 5 7600 ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಹಾಕಿ ಪಿಸಿ ಕಟ್ಟಿಸಬೇಕು ಅಂತಿದ್ದೇನೆ. ಅಂಗಡಿಯವರು ಎ620 ಬೋರ್ಡು ಸಾಕು ಅಂತಾರೆ. ಹಾಸ್ಟೆಲ್‌ನ ಗೆಳೆಯ ಎಕ್ಸ್670 ಇಲ್ಲದಿದ್ದರೆ ಎಫ್‌ಪಿಎಸ್ ಬರಲ್ಲ ಅಂತಾನೆ. ಯಾರ ಮಾತು ಕೇಳಲಿ?
— ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಗೆಳೆಯನ ಮಾತು ಮೊದಲು ಬಿಡಿ. ಎಫ್‌ಪಿಎಸ್, ಅಂದರೆ ಆಟದಲ್ಲಿ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, ಬರುವುದು ಗ್ರಾಫಿಕ್ಸ್ ಕಾರ್ಡಿನಿಂದ, ಆಮೇಲೆ ಪ್ರೊಸೆಸರ್ ಮತ್ತು ರ್‍ಯಾಮ್‌ನಿಂದ. ಇವು ಮೂರೂ ಅವೇ ಇದ್ದು ಬೋರ್ಡು ಮಾತ್ರ ಬದಲಾದರೆ ಆಟದಲ್ಲಿ ನಿಮಗೆ ಏನೂ ಗೊತ್ತಾಗುವುದಿಲ್ಲ. ಮೇಲಿನ ದರ್ಜೆಯ ಎಕ್ಸ್670ರಲ್ಲಿ ಸಿಗುವುದು ಹೆಚ್ಚು ಯುಎಸ್‌ಬಿ, ಎಸ್‌ಎಸ್‌ಡಿ ಕೂರಿಸಲು ಹೆಚ್ಚು ಎಂ.2 ಸ್ಲಾಟು, ಹೆಚ್ಚು ಪಿಸಿಐಇ ಲೇನು, ಅಂದರೆ ಕಾರ್ಡು, ಎಸ್‌ಎಸ್‌ಡಿಗಳಿಗೆ ಡೇಟಾ ಓಡಾಡುವ ದಾರಿ. ನೀವು ಹಾಕುವುದು ಒಂದು ಗ್ರಾಫಿಕ್ಸ್ ಕಾರ್ಡು, ಒಂದೋ ಎರಡೋ ಎಸ್‌ಎಸ್‌ಡಿ, ಅಷ್ಟೇ ಅಲ್ವಾ? 4060 ಅಂತೂ ಹದಿನಾರು ಲೇನು ಕೊಟ್ಟರೂ ಬಳಸುವುದು ಎಂಟನ್ನೇ. ಆ ಹೆಚ್ಚಿನ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೇ ಸೇರಿಸಿದರೆ ಒಂದು ಮೆಟ್ಟಿಲು ಮೇಲಿನದು ಬರಬಹುದು.

ಅಂಗಡಿಯವರು ಹೇಳಿದ್ದು ಅರ್ಧ ಸರಿ. 7600 ಅನ್ನುವುದು 65 ವ್ಯಾಟಿನ ಪ್ರೊಸೆಸರ್, ಎ620 ಮೇಲೆ ಆರಾಮಾಗಿ ಓಡುತ್ತದೆ. ಆದರೆ ಪ್ರೊಸೆಸರಿಗೆ ಕರೆಂಟು ಹದ ಮಾಡಿ ಕೊಡುವ ಭಾಗ ಒಂದಿದೆ, ವಿಆರ್‌ಎಂ ಅಂತಾರೆ, ಕಡಿಮೆ ಬೆಲೆಯ ಎ620 ಬೋರ್ಡುಗಳಲ್ಲಿ ಕಂಪನಿಗಳು ಕೈ ಬಿಗಿ ಹಿಡಿಯುವುದು ಅಲ್ಲೇ, ಕೆಲವದರಲ್ಲಿ ಅದರ ಮೇಲೆ ಬಿಸಿ ಹೀರುವ ಹೀಟ್‌ಸಿಂಕೇ ಇರುವುದಿಲ್ಲ. ಇವತ್ತು ತೊಂದರೆ ಇಲ್ಲ. ನಾಲ್ಕು ವರ್ಷ ಬಿಟ್ಟು ದೊಡ್ಡ ಪ್ರೊಸೆಸರ್ ಹಾಕಲು ಹೋದಾಗ ತಕರಾರು ಶುರುವಾಗುತ್ತದೆ.

ಹಾಕುವ ಅವಕಾಶ ನಿಮಗಿದೆ, ಅದೇ ಇಲ್ಲಿ ಮುಖ್ಯ. ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅಂತಾರೆ, ನಿಮ್ಮದರ ಎಎಂ5 ಸಾಕೆಟ್ ಬಂದದ್ದು 2022ರಲ್ಲಿ. 2024ರಲ್ಲಿ ಬಂದ ರೈಜನ್ 9000 ಸರಣಿಯೂ ಅದೇ ಸಾಕೆಟ್ಟಿಗೆ ಕೂರುತ್ತದೆ, ಬೋರ್ಡಿನೊಳಗಿನ ತಂತ್ರಾಂಶ, ಅಂದರೆ ಬಯಾಸ್, ಅಪ್‌ಡೇಟ್ ಆಗಿರಬೇಕು ಅಷ್ಟೇ. 2027ರವರೆಗೆ ಮತ್ತು ಮುಂದಕ್ಕೂ ಈ ಸಾಕೆಟ್ಟನ್ನು ಉಳಿಸಿಕೊಳ್ಳುತ್ತೇವೆ ಅಂತ ರೈಜನ್ ಮಾಡುವ ಎಎಂಡಿ ಕಂಪನಿ ಹೇಳಿದೆ. ಹಿಂದಿನ ಎಎಂ4ಗೂ 2024ರಲ್ಲಿ ಹೊಸ ಪ್ರೊಸೆಸರ್ ಬಂದಿತ್ತು ಅನ್ನುವುದನ್ನು ನೋಡಿದರೆ ಈ ಮಾತನ್ನು ನಂಬಬಹುದು. ಅದಕ್ಕೇ ನನ್ನ ಓಟು ನಡುವಿನ ದರ್ಜೆಯ ಬಿ650 ಅಥವಾ ಬಿ850ಕ್ಕೆ, ಅದರಲ್ಲೂ ಮೈಕ್ರೋ ಎಟಿಎಕ್ಸ್ ಅಳತೆಯದಕ್ಕೆ. ಅದು 244 ಮಿಲಿಮೀಟರ್ ಚೌಕ, ಸಾಮಾನ್ಯ ಕ್ಯಾಬಿನೆಟ್ ಯಾವುದಾದರೂ ಹಿಡಿಸುತ್ತದೆ. ಇನ್ನೂ ಚಿಕ್ಕ ಅಳತೆಯ ಮಿನಿ ಐಟಿಎಕ್ಸ್ ನೋಡಲು ಮುದ್ದಾಗಿರುತ್ತದೆ, ಬೆಲೆ ಮಾತ್ರ ಮುದ್ದಾಗಿರುವುದಿಲ್ಲ.

ಅಂಗಡಿಯಲ್ಲಿ ಬೋರ್ಡು ಕೈಗೆ ಕೊಟ್ಟಾಗ ಡಬ್ಬದ ಮೇಲಿನ ಚಿತ್ರ ನೋಡಬೇಡಿ, ಹಿಂಬದಿ ನೋಡಿ. ಯುಎಸ್‌ಬಿ ಎಷ್ಟಿವೆ ಎಣಿಸಿ. ಕೀಬೋರ್ಡು, ಮೌಸು, ಹೆಡ್‌ಸೆಟ್ಟು, ಕಂಟ್ರೋಲರ್ ಅಂತ ಹೋದರೆ ನಾಲ್ಕು ಸಾಲುವುದಿಲ್ಲ. ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯಾ ಕೇಳಿ. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯಾಸ್ ಹಾಕುವ ಬಟನ್ ಅದು, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬೋರ್ಡು ಹೊತ್ತು ಓಡುವುದನ್ನು ಅದೊಂದೇ ತಪ್ಪಿಸಬಹುದು. ರೂಟರ್ ಜಗಲಿಯಲ್ಲಿದ್ದು ನಿಮ್ಮ ಕೋಣೆ ಮಾಳಿಗೆ ಮೇಲಿದ್ದರೆ ವೈಫೈ ಇರುವ ಬೋರ್ಡು ತೊಗೊಳ್ಳಿ, ಆದರೂ ಆಟಕ್ಕೆ ವೈರು ಎಳೆಯುವುದೇ ಲೇಸು.

ರ್‍ಯಾಮ್ ಎರಡು ಕಡ್ಡಿ ಹಾಕಿ, 6000 ವೇಗದ್ದು. ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಆಮೇಲೆ ಬಯಾಸ್‌ನಲ್ಲಿ ಎಕ್ಸ್‌ಪೋ, ಅಂದರೆ ಡಬ್ಬದ ಮೇಲೆ ಬರೆದ ವೇಗಕ್ಕೆ ಓಡಿಸುವ ಸೆಟ್ಟಿಂಗ್, ಆನ್ ಮಾಡಿ. ಮಾಡದಿದ್ದರೆ 6000ಕ್ಕೆ ದುಡ್ಡು ಕೊಟ್ಟು 4800ರಲ್ಲಿ ಓಡಿಸುತ್ತಾ ಇರುತ್ತೀರಿ, ಎಷ್ಟೋ ಜನ ಹಾಗೇ ಇದ್ದಾರೆ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಬೋರ್ಡು ರ್‍ಯಾಮ್ ಜೊತೆ ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಕಿತ್ತುಬಿಡಬೇಡಿ.

ಪ್ರಶ್ನೆ: ನಾವು ಅಡಿಕೆ ಬೆಳೆಗಾರರು. ಮಗ ಪಿಯುಸಿ. ಇಂಟೆಲ್ ಐ5 12400ಎಫ್ ಪ್ರೊಸೆಸರಿಗೆ ಝಡ್790 ಬೋರ್ಡೇ ಆಗಬೇಕು ಅಂತ ಹಟ. ಪ್ರೊಸೆಸರಿಗಿಂತ ಬೋರ್ಡಿಗೇ ಬೆಲೆ ಜಾಸ್ತಿ. ಇದು ನ್ಯಾಯವೇ?
— ಒಬ್ಬ ತಂದೆ, ಹೊಸನಗರ

ಉತ್ತರ: ನ್ಯಾಯವಲ್ಲ ಯಜಮಾನರೇ. ಝಡ್ ಬೋರ್ಡಿನ ಮುಖ್ಯ ಉಪಯೋಗ ಪ್ರೊಸೆಸರನ್ನು ಅದರ ವೇಗಕ್ಕಿಂತ ಮೇಲೆ ಓಡಿಸುವುದು. ಅದಕ್ಕೆ ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರ್ ಬೇಕು. 12400ಎಫ್‌ನಲ್ಲಿ ‘ಕೆ’ ಇಲ್ಲ. ಗೊನೆಯೇ ಬಿಡದ ಮರಕ್ಕೆ ಕೊನೆಗಾರನನ್ನು ಹತ್ತಿಸಿ ಕೂಲಿ ಕೊಟ್ಟಂತೆ ಆಗುತ್ತದೆ. ಬಿ760 ಧಾರಾಳವಾಗಿ ಸಾಕು. ತೀರಾ ಕೆಳಗಿನ ಎಚ್610ಕ್ಕೆ ಹೋಗಬೇಡಿ, ಅದರಲ್ಲಿ ರ್‍ಯಾಮ್ ಸ್ಲಾಟು ಎರಡೇ, ರ್‍ಯಾಮಿನ ವೇಗ ಏರಿಸಲೂ ಬಿಡುವುದಿಲ್ಲ.

ಒಂದು ಎಚ್ಚರ. ಬಿ760ರಲ್ಲಿ ಹಳೇ ಬಗೆಯ ರ್‍ಯಾಮ್ ಕೂರುವ ಡಿಡಿಆರ್4 ಬೋರ್ಡೂ ಇದೆ, ಹೊಸ ಬಗೆಯದು ಕೂರುವ ಡಿಡಿಆರ್5 ಬೋರ್ಡೂ ಇದೆ, ಹೆಸರು ಎರಡಕ್ಕೂ ಹೆಚ್ಚುಕಡಿಮೆ ಒಂದೇ, ಕೆಲವು ಸಲ ಕೊನೆಗೆ ‘ಡಿ4’ ಅಂತ ಇರುವುದಷ್ಟೇ ವ್ಯತ್ಯಾಸ. ಒಂದರ ರ್‍ಯಾಮ್ ಇನ್ನೊಂದಕ್ಕೆ ಕೂರುವುದೇ ಇಲ್ಲ. ಬಿಲ್ ಮಾಡಿಸುವ ಮೊದಲು ಬೋರ್ಡು, ರ್‍ಯಾಮ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮಗನಿಗೂ ಒಂದು ಮಾತು. ತಮ್ಮಾ, ಈ ಸಾಕೆಟ್ಟಿಗೆ 12, 13, 14ನೇ ತಲೆಮಾರಿನ ಪ್ರೊಸೆಸರ್‌ಗಳು ಬಂದವು. 2024ರ ಅಕ್ಟೋಬರಿನಲ್ಲಿ ಬಂದ ಕೋರ್ ಅಲ್ಟ್ರಾಗೆ ಸಾಕೆಟ್ಟೇ ಬೇರೆ. ‘ಮುಂದಕ್ಕೆ ಬೇಕಾಗುತ್ತೆ ಅಪ್ಪಾ’ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಮುಂದೆ 13 ಅಥವಾ 14ರ ಐ7, ಐ9 ಹಳೆಯದು ಅಗ್ಗಕ್ಕೆ ಸಿಕ್ಕಿತು ಅಂದುಕೋ, ಆಗ ಬಯಾಸ್ ಹೊಸದು ಮಾಡದೆ ಹಾಕಬೇಡ. ವೋಲ್ಟೇಜ್ ಜಾಸ್ತಿಯಾಗಿ ಆ ಪ್ರೊಸೆಸರ್‌ಗಳು ಹಾಳಾಗುತ್ತಿದ್ದವು, ಇಂಟೆಲ್ 2024ರಲ್ಲಿ ಅದಕ್ಕೆ ಅಪ್‌ಡೇಟ್ ಬಿಟ್ಟಿದೆ. ಈಗಾಗಲೇ ಹಾಳಾಗಿರುವುದನ್ನು ಅಪ್‌ಡೇಟ್ ಸರಿ ಮಾಡುವುದಿಲ್ಲ.

ಪ್ರಶ್ನೆ: ಏಪ್ರಿಲ್‌ನಲ್ಲಿ ಸಿಡಿಲಿಗೆ ನಮ್ಮ ಬೋರ್ಡು ಸುಟ್ಟುಹೋಯಿತು. ಹೊಸದು ತರಬೇಕು. ಸಿಡಿಲು ತಡೆಯುವ ಬೋರ್ಡು ಯಾವುದು? ಡಬ್ಬದ ಮೇಲೆ ‘ಸರ್ಜ್ ಪ್ರೊಟೆಕ್ಷನ್’ ಅಂತ ಬರೆದಿರುತ್ತಾರಲ್ಲ?
— ಗೃಹಿಣಿ, ಸಾಗರ

ಉತ್ತರ: ಅಂಥ ಬೋರ್ಡು ಇಲ್ಲ ಅಮ್ಮಾ. ಡಬ್ಬದ ಮೇಲೆ ಬರೆದಿರುವುದು ಸಣ್ಣಪುಟ್ಟ ಏರಿಳಿತಕ್ಕೆ, ಮೈಯಿಂದ ಚುರ್ ಅಂತ ಹಾಯುವ ಸ್ಟ್ಯಾಟಿಕ್‌ಗೆ. ನಮ್ಮ ಕಡೆಯ ಸಿಡಿಲಿಗೆ ಅದು ಲೆಕ್ಕಕ್ಕಿಲ್ಲ.

ಮೋಡ ಕಟ್ಟುವಾಗಲೇ, ಗುಡುಗು ಶುರುವಾಗುವ ಮುಂಚೆಯೇ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಜೊತೆಗೆ ಇಂಟರ್ನೆಟ್ಟಿನ ಲ್ಯಾನ್ ವೈರನ್ನೂ ಕೀಳಿ, ಎಲ್ಲರೂ ಮರೆಯುವುದು ಇದನ್ನೇ. ನಮ್ಮದು ಫೈಬರ್, ಅದರಲ್ಲಿ ಕರೆಂಟು ಹರಿಯಲ್ಲ ಅನ್ನುತ್ತಾರೆ. ಗಾಜಿನ ಎಳೆಯಲ್ಲಿ ಹರಿಯುವುದಿಲ್ಲ, ನಿಜ. ಆದರೆ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ, ಅಲ್ಲಿಂದ ಪಿಸಿಗೆ ಬರುವುದು ತಾಮ್ರದ ವೈರು. ಸಿಡಿಲಿಗೆ ಅಷ್ಟು ದಾರಿ ಸಾಕು.

ಹೊಸ ಬೋರ್ಡು ತರುವ ಮುಂಚೆ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಜೋರು ಗುಡುಗು ಬರುವುದು ಏಪ್ರಿಲ್, ಮೇ ತಿಂಗಳಲ್ಲಿ, ಜಂಬಿಟ್ಟಿಗೆಯ ನೆಲ ಒಣಗಿ ಬಿರುಕು ಬಿಟ್ಟಿರುವ ಹೊತ್ತಿಗೆ. ಒಣ ನೆಲದಲ್ಲಿ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುವುದು ಹಳೇ ರೂಢಿ, ಒಳ್ಳೆಯ ರೂಢಿ. ಮೀಟರಿನ ಹತ್ತಿರ ಮಿತಿಮೀರಿದ ವೋಲ್ಟೇಜನ್ನು ನೆಲಕ್ಕೆ ಹರಿಸುವ ಎಸ್‌ಪಿಡಿ ಅನ್ನುವ ಸಾಧನ ಹಾಕಿಸಬಹುದು, ಅದೂ ಅರ್ಥಿಂಗ್ ಚೆನ್ನಾಗಿದ್ದರೆ ಮಾತ್ರ ಉಪಯೋಗ. ಸಿಡಿಲಿಗೆ ಹೋದ ಬೋರ್ಡಿಗೆ ಕಂಪನಿಗಳು ವಾರಂಟಿ ಕೊಡುವುದಿಲ್ಲ. ಸುಟ್ಟ ಬೋರ್ಡಿನ ಜೊತೆ ಇದ್ದ ಎಸ್‌ಎಂಪಿಎಸ್ ಅನ್ನು, ಅಂದರೆ ಪಿಸಿಗೆ ಕರೆಂಟು ಕೊಡುವ ಪೆಟ್ಟಿಗೆಯನ್ನು, ಹಾಗೇ ಹೊಸದಕ್ಕೆ ಜೋಡಿಸಬೇಡಿ, ಮೊದಲು ಪರೀಕ್ಷೆ ಮಾಡಿಸಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದು ಪ್ಯೂರ್ ಸೈನ್ ವೇವ್ ಹೌದಾ ನೋಡಿ. ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನ ಜೊತೆ ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳು ಜಗಳವಾಡುತ್ತವೆ, ಕರೆಂಟು ಹೋದ ತಕ್ಷಣ ಪಿಸಿಯೂ ಆಫ್ ಆಗಬಹುದು. ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತಾದರೂ ಪಿಸಿ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ನೀರು ಜಿನುಗುವ ಗೋಡೆಗೆ ಒತ್ತಿ ಇಡಬೇಡಿ. ಇರುವೆಗೂ ಬೆಚ್ಚಗಿನ ಜಾಗ ಇಷ್ಟ ಅನ್ನುವುದು ನಿಮಗೇ ಗೊತ್ತು.

ಪ್ರಶ್ನೆ: ನನ್ನ ಹತ್ತಿರ ಹಳೇ ಬಿ450 ಬೋರ್ಡು, ರೈಜನ್ 5 2600, 16 ಜಿಬಿ ಡಿಡಿಆರ್4 ಇದೆ. ಎಲ್ಲ ಮಾರಿ ಎಎಂ5ಗೆ ಹೋಗಲಾ?
— ಶಿವಮೊಗ್ಗ

ಉತ್ತರ: ಈಗ ಬೇಡ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರಿ ಕೂತಿದೆ, ಎಎಂ5ಗೆ ಡಿಡಿಆರ್5 ಬಿಟ್ಟು ಬೇರೆ ದಾರಿ ಇಲ್ಲ. ಅದೇ ಬೋರ್ಡಿಗೆ ರೈಜನ್ 5 5600 ಹಾಕಿ. ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ, ಆಮೇಲೆ ಬದಲಾಯಿಸಿ. ಅಪ್‌ಡೇಟ್ ಆಗುವಾಗ ಕರೆಂಟು ಹೋದರೆ ಬೋರ್ಡೇ ಹೋದಂತೆ, ಆದ್ದರಿಂದ ಯುಪಿಎಸ್ ಇರುವವರ ಮನೆಯಲ್ಲಿ ಮಾಡಿಕೊಳ್ಳಿ.

ಪ್ರಶ್ನೆ: ಬೋರ್ಡು ಆನ್‌ಲೈನ್‌ನಲ್ಲಿ ತರಿಸಲೋ, ಶಿವಮೊಗ್ಗದಲ್ಲೇ ತೊಗೊಳ್ಳಲೋ?
— ಭದ್ರಾವತಿ

ಉತ್ತರ: ಬೆಲೆಯ ವ್ಯತ್ಯಾಸ ಸಣ್ಣದಾದರೆ ಶಿವಮೊಗ್ಗದಲ್ಲೇ. ಎಎಂ5 ಇರಲಿ, ಈಗಿನ ಇಂಟೆಲ್ ಇರಲಿ, ಪಿನ್ನುಗಳಿರುವುದು ಪ್ರೊಸೆಸರಿನಲ್ಲಲ್ಲ, ಬೋರ್ಡಿನ ಸಾಕೆಟ್ಟಿನಲ್ಲಿ. ಒಂದು ಪಿನ್ನು ಬಾಗಿದ್ದರೂ ವಾರಂಟಿ ಕಷ್ಟ. ಅಂಗಡಿಯಲ್ಲೇ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಹಾಕಿ ಪಿನ್ನು ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಆನ್‌ಲೈನ್ ಆದರೆ ಡಬ್ಬ ಬಿಚ್ಚುವುದನ್ನು ವಿಡಿಯೋ ಮಾಡಿ. ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ, ವಾರಂಟಿಗೆ ಕಳಿಸುವಾಗ ಅದನ್ನು ಹಾಕಿಯೇ ಕಳಿಸಬೇಕು.