ಸಂಪಾದಕರ ಉತ್ತರ: ಮಾವನವರ ಬಿಂಬುಳಿ ರಸ

ಕಾಪುವಿನಿಂದ ಪತ್ರ ಬರೆದ ಸೋದರಿಗೆ ನಮಸ್ಕಾರ.

ನಿಮ್ಮ ಮಾವನವರು ಒಂದು ತಿಂಗಳಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅರ್ಧ ಲೋಟ ಬಿಂಬುಳಿ ರಸ ಕುಡಿಯುತ್ತಿದ್ದಾರೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 172ರಿಂದ 160ಕ್ಕೆ ಇಳಿದಿದೆ, ಇನ್ನು ಡಾಕ್ಟರು ಕೊಟ್ಟ ಮಾತ್ರೆ ಬಿಡಬಹುದೇ ಎಂದು ಕೇಳಿದ್ದೀರಿ. ಈ ಮದ್ದು ಗೊತ್ತಾದದ್ದು ನಮ್ಮ ಪತ್ರಿಕೆಯಿಂದಲೇ ಎಂದೂ ಬರೆದಿದ್ದೀರಿ.

ಅಚ್ಚಾಗುವವರೆಗೆ ಕಾಯದೆ ಫೋನಿನಲ್ಲಿ ಹೇಳಿದ್ದನ್ನೇ ಉಳಿದವರಿಗಾಗಿ ಇಲ್ಲೂ ಹೇಳುತ್ತೇನೆ. ರಸ ಇವತ್ತೇ ನಿಲ್ಲಿಸಿ. ಮಾತ್ರೆ ಬಿಡಬೇಡಿ. ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಮೂತ್ರ ಕಡಿಮೆಯಾಗಿದ್ದರೆ, ವಾಂತಿ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಬಿಂಬುಳಿ ಕೊಲೆಸ್ಟ್ರಾಲ್ ಇಳಿಸಿದ್ದು ಪ್ರಯೋಗಾಲಯದ ಇಲಿಗಳಲ್ಲಿ. ಮನೆಮದ್ದಿನ ಲೇಖನದಲ್ಲಿ ಆ ಸಾಲು ಕಂಡಾಗ 'ಯಾರಿಗೆ ಕೊಟ್ಟು ನೋಡಿದ್ದು, ಎಷ್ಟು ಕೊಟ್ಟದ್ದು?' ಎಂದು ಲೇಖಕರನ್ನು ನಾನು ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನನ್ನದು, ಕ್ಷಮಿಸಿ.

ಬಿಂಬುಳಿಯೇನು ನಮಗೆ ಹೊಸದಲ್ಲ. ಮರದ ಕಾಂಡಕ್ಕೇ ಗೊಂಚಲುಗೊಂಚಲಾಗಿ ಜೋತು ಬೀಳುವ ಆ ಕಾಯಿ ನಾಲ್ಕು ಸಿಗಡಿ ಸಾರಿಗೆ ಬಿದ್ದರೆ ಮನೆಮಂದಿಗೆಲ್ಲ ಸಾಕು. ನನ್ನಮ್ಮ ಅದೇ ಕಾಯಿ ಜಜ್ಜಿ ಹಿತ್ತಾಳೆಯ ಕಾಲುದೀಪ ಉಜ್ಜುತ್ತಿದ್ದರು. ಕಿಲುಬೆಲ್ಲ ಬಿಟ್ಟು ದೀಪ ಹೊಸದಾಗುತ್ತಿತ್ತು. ಹುಳಿಯಲ್ಲಿರುವ ಆಕ್ಸಾಲಿಕ್ ಆಮ್ಲದ ಗುಣ ಅದು. ಸಾರಿನಲ್ಲಿ ಹಂಚಿಹೋಗುವ ಆ ಆಮ್ಲ ಹಸಿ ರಸದಲ್ಲಿ, ಅದೂ ಖಾಲಿ ಹೊಟ್ಟೆಗೆ, ಒಟ್ಟಾಗಿ ಒಳಗೆ ಸೇರುತ್ತದೆ. ಕ್ಯಾಲ್ಸಿಯಂ ಜೊತೆ ಹರಳುಗಟ್ಟಿ ಮೂತ್ರಪಿಂಡದ ಸಣ್ಣ ನಾಳಗಳನ್ನು ಕಟ್ಟಿಬಿಡುತ್ತದೆ. ಈ ರಸ ಕುಡಿದು ಮೂತ್ರಪಿಂಡ ಕೆಟ್ಟ 10 ಮಂದಿಯ ಬಗ್ಗೆ ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದರು. 7 ಮಂದಿಗೆ ಡಯಾಲಿಸಿಸ್ ಬೇಕಾಯಿತು.

'ಆದರೆ ಇಳಿದದ್ದು ಸುಳ್ಳೇ?' ಎಂದು ಕೇಳಿದ್ದೀರಿ. ಸುಳ್ಳಲ್ಲ. ಅದೇ ತಿಂಗಳು ಮಾವನವರು ಗೋಳಿಬಜೆ ಬಿಟ್ಟು ಸಂಜೆ ಕಡಲತೀರದಲ್ಲಿ ನಡೆಯಲು ಶುರುಮಾಡಿದ್ದನ್ನೂ ನೀವೇ ಬರೆದಿದ್ದೀರಲ್ಲ! ಇಳಿಸಿದ್ದು ರಸವೋ ನಡಿಗೆಯೋ ಹೇಗೆ ಗೊತ್ತಾಗಬೇಕು?

ಕೊಲೆಸ್ಟ್ರಾಲಿಗೆ ಮದ್ದೆಂದು ಹೆಸರಾದ ಗುಗ್ಗುಳದ (ಒಂದು ಗಿಡದ ಅಂಟು) ವಿಷಯ ನೋಡಿ. ಸುಶ್ರುತ ಸಂಹಿತೆಯ ಮಾತಿನ ಎಳೆ ಹಿಡಿದು ಡಾ. ಜಿ.ವಿ. ಸತ್ಯವತಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮೊಲಗಳ ಮೇಲೆ ಪ್ರಯೋಗ ನಡೆಸಿ 1966ರಲ್ಲಿ ಪ್ರಬಂಧ ಬರೆದರು. ಮುಂದೆ ಅದು ಗುಳಿಗೆಯಾಗಿ ಮಾರುಕಟ್ಟೆಗೂ ಬಂತು. 2003ರಲ್ಲಿ ಅಮೆರಿಕದಲ್ಲಿ 103 ಮಂದಿಯ ಮೇಲೆ 8 ವಾರ ಪರೀಕ್ಷೆ ನಡೆಯಿತು. ಕೆಲವರಿಗೆ ಗುಗ್ಗುಳ, ಉಳಿದವರಿಗೆ ನೋಡಲು ಹಾಗೇ ಇರುವ ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ತಿಳಿಯದು. ಮದ್ದಿಲ್ಲದವರ ಎಲ್‌ಡಿಎಲ್ ಶೇ. 5ರಷ್ಟು ಇಳಿಯಿತು. ಗುಗ್ಗುಳ ತಿಂದವರದ್ದು ಶೇ. 4-5ರಷ್ಟು ಏರಿತು! ಪಕ್ಕದಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲೇಬೇಕು ಎನ್ನುವುದು ಇದಕ್ಕೇ. ನಮ್ಮ ಗಿಡಮೂಲಿಕೆಗಳ ಮೇಲಿನ ಪ್ರೀತಿಯಿಂದಲೇ ಈ ಮಾತು ಹೇಳುತ್ತಿದ್ದೇನೆ.

ಮುಂದಿನ ಸಂಚಿಕೆಯ ಮನೆಮದ್ದಿನ ಪುಟದಲ್ಲೇ ತಿದ್ದುಪಡಿ ಬರುತ್ತದೆ. ಅತ್ತೆಯವರು ಫ್ರಿಜ್ಜಿನಲ್ಲಿ ತುಂಬಿಸಿಟ್ಟಿರುವ ಎರಡು ಬಾಟಲಿ ರಸ ದೀಪ ಉಜ್ಜಲಿಕ್ಕೆ ಆಗುತ್ತದೆ.